ನಲವತ್ತಮೂರು ಮನೆಗಳ ಬಿಳುಪು

ನನ್ನ ಚಿಕ್ಕಮ್ಮ ಯಾರ ಮನೆಗೆ ಹೋದರೂ ಮೊದಲು ನೋಡುವುದು ಗೋಡೆಯನ್ನು. ಮನೆಯವರು ಕೈಗೆ ನೀರಿನ ಲೋಟ ಕೊಡುವಷ್ಟರಲ್ಲಿ ಅವಳ ಕಣ್ಣು ನಡುಮನೆಯ ನಾಲ್ಕೂ ಗೋಡೆ ಸುತ್ತಿ ಬಂದಿರುತ್ತದೆ. ಬಣ್ಣ ಎಲ್ಲಿ ಉಬ್ಬಿದೆ, ಯಾವ ಕಿಟಕಿಯ ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ, ಎಲ್ಲವೂ ಅವಳ ತಲೆಯೊಳಗೆ ಸೇರಿರುತ್ತದೆ. "ನಿನ್ನ ಕರ್ಕೊಂಡು ನೆಂಟರ ಮನೆಗೆ ಹೋದ್ರೆ, ಮನೆ ಕೊಳ್ಳೋಕೆ ಬಂದಿದೀವಿ ಅಂದ್ಕೋತಾರೆ ಕಣೇ," ಎಂದು ನಮ್ಮಮ್ಮ ಬೈಯುತ್ತಾಳೆ. ಅಮ್ಮ ಅಕ್ಕ, ಇವಳು ತಂಗಿ. ಬೈಯುವ ಹಕ್ಕು ಅಮ್ಮನಿಗೆ, ಕೇಳಿಸಿಕೊಳ್ಳದಿರುವ ಹಕ್ಕು ಚಿಕ್ಕಮ್ಮನಿಗೆ.

ಅವಳು ಹತ್ತೊಂಬತ್ತನೇ ವಯಸ್ಸಿಗೆ ನಮ್ಮೂರಿನ ಚಿತ್ರಮಂದಿರ ಸೇರಿದಳು. ಕತ್ತಲಲ್ಲಿ ಟಾರ್ಚ್ ಹಿಡಿದು ತಡವಾಗಿ ಬಂದವರಿಗೆ ಸೀಟು ತೋರಿಸುವ ಕೆಲಸ. ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ಆಪರೇಟರಿಗೆ ಆಗಲೇ ವಯಸ್ಸಾಗಿತ್ತು. ಸೊಂಟ ಹಿಡಿದು ರೀಲಿನ ಡಬ್ಬಿಗಳನ್ನು ಮೆಟ್ಟಿಲು ಹತ್ತಿಸಲು ಆಗುತ್ತಿರಲಿಲ್ಲ. ಚಿಕ್ಕಮ್ಮ ಹೊತ್ತಳು. ಹೊತ್ತವಳು ಅಲ್ಲೇ ನಿಂತು ನೋಡಿದಳು. ಮಾತಿಗೆ ಜನ ಸಿಕ್ಕ ಖುಷಿಗೆ ಆ ಮುದುಕರು ತಮಗೆ ಗೊತ್ತಿದ್ದನ್ನೆಲ್ಲ ಹೇಳಿಕೊಟ್ಟರು. ಆಗ ಒಂದೊಂದು ರೀಲು ಇಪ್ಪತ್ತು ನಿಮಿಷ ಓಡುತ್ತಿತ್ತು. ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತಿತ್ತು. ಆಗ ಪಕ್ಕದ ಯಂತ್ರದ ಮೋಟಾರು ಶುರು ಮಾಡಬೇಕು. ಕೆಲವು ಸೆಕೆಂಡು ಬಿಟ್ಟು ಎರಡನೇ ಚುಕ್ಕಿ. ಆಗ ಕಾಲಿನಿಂದ ಒತ್ತಿ ಈ ಯಂತ್ರದ ಬೆಳಕು ಮುಚ್ಚಿ ಆ ಯಂತ್ರದ ಬೆಳಕು ತೆರೆಯಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ಪರದೆ ಬೆಳ್ಳಗೆ ಹಲ್ಲು ಕಿರಿಯುತ್ತದೆ.

ಮುದುಕರು ಕೆಲಸ ಬಿಟ್ಟಾಗ ಮಾಲೀಕರು ಹಿಂದೆ ಮುಂದೆ ನೋಡಿದರು. ಹೆಂಗಸು, ಅಷ್ಟು ಸೆಕೆಯ ಕೋಣೆ, ಏನಾದರೂ ಹೆಚ್ಚುಕಡಿಮೆಯಾದರೆ? ಒಂದು ದಿನ ಮಾತ್ರ ನೋಡೋಣ ಎಂದು ಮಧ್ಯಾಹ್ನದ ಆಟಕ್ಕೆ ತಾವೇ ಕೆಳಗೆ ಕುಳಿತರು. ಆಟ ಮುಗಿದ ಮೇಲೆ ಮೇಲೆ ಹತ್ತಿ ಬಂದು, "ಎಲ್ಲಿ ಬದಲಾಯಿಸಿದೆಯಮ್ಮ? ನನಗೆ ಕಾಣ್ಲೇ ಇಲ್ಲ," ಎಂದರಂತೆ.

"ಕಾಣಬಾರದು ಸಾರ್. ಅದಕ್ಕೇ ಅಲ್ವಾ ಸಂಬಳ," ಎಂದಳಂತೆ ಚಿಕ್ಕಮ್ಮ.

ಇಪ್ಪತ್ತೇಳು ವರ್ಷ ಅವಳು ಆ ಕೋಣೆಯಲ್ಲಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಅವಳಿಗೆ ಆಟ ಇರುತ್ತಿತ್ತು. ಕೊನೆಗೆ ಮಾತು ತರುವವರಿಗೇ ಸಾಕಾಯಿತು. ಚಿತ್ರ ಎಳ್ಳಷ್ಟು ಮಸುಕಾದರೂ ಕೆಳಗಿನಿಂದ ಜನ "ಫೋಕಸ್! ಅಕ್ಕಾ, ಫೋಕಸ್!" ಎಂದು ಕೂಗುತ್ತಿದ್ದರು. ಹೀಗೆ ಊರಿಗೆಲ್ಲ ಅವಳು ಫೋಕಸ್ ಅಕ್ಕನಾದಳು. ಅಂಚೆಯವನೂ ಆ ಹೆಸರು ಹೇಳಿದರೇ ನಮ್ಮ ಮನೆ ತೋರಿಸುತ್ತಿದ್ದ.

ಆಮೇಲೆ ರೀಲು ಹೋಯಿತು, ಡಿಜಿಟಲ್ ಬಂತು, ಅದರ ಹಿಂದೆಯೇ ಚಿತ್ರಮಂದಿರವೂ ಹೋಯಿತು. ಈಗ ಅಲ್ಲಿ ಸೋಫಾ, ಮಂಚ ಮಾರುತ್ತಾರೆ. ಚಿಕ್ಕಮ್ಮ ನಮ್ಮ ಮಹಡಿಯ ಕೋಣೆಗೆ ಬಂದು ಎರಡು ವರ್ಷ ಸುಮ್ಮನೆ ಕುಳಿತಳು. ಟಿವಿ ನೋಡಲು ಕರೆದರೆ ಬಾಗಿಲಲ್ಲೇ ನಿಂತು, "ಇವರ ಮುಖ ಯಾಕೆ ಕಿತ್ತಳೆ ಹಣ್ಣಿನ ಥರ ಇದೆ?" ಎಂದು ಕೇಳಿ ಹೊರಟುಹೋಗುತ್ತಿದ್ದಳು.

ದೊಡ್ಡ ಬೀದಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದು ಧೂಳು ಒರೆಸಲು. ಅಂಗಡಿಯ ಹಿಂಭಾಗದಲ್ಲಿ ಒಂದು ಡೆಮೊ ಕೋಣೆ ಇತ್ತು: ಕಪ್ಪು ಪರದೆ ಬಿಟ್ಟ ಕಿಟಕಿ, ಒಂದು ಉದ್ದ ಸೋಫಾ, ಮನೆಗಳಿಗೆ ಮಾರುವ ಮೂರು ಪ್ರೊಜೆಕ್ಟರು. ಎರಡನೇ ದಿನ ಯಜಮಾನರು ಗಿರಾಕಿಯೊಬ್ಬರನ್ನು ಒಳಗೆ ಕರೆದುಕೊಂಡು ಬಂದರೆ, ಬೆಂಕಿ ಹೊತ್ತಿದಂತೆ ಉರಿಯುತ್ತಿದ್ದ ಚಿತ್ರ ತಣ್ಣಗೆ ಕೂತಿದೆ.

"ಇದನ್ನ ಮುಟ್ಟಿದ್ಯಾರು?" ಎಂದರು.

"ನಾನೇ ಸಾರ್," ಎಂದಳು ಚಿಕ್ಕಮ್ಮ, ಒರೆಸುವ ಬಟ್ಟೆ ಹಿಡಿದುಕೊಂಡೇ. "ಅಂಗಡಿ ಬೆಳಕಿಗೆ ಅಂತ ಮಾಡಿಟ್ಟಿರೋ ಬಣ್ಣ ಅದು. ಮನೆಗೆ ಹೋದ್ರೆ ಕಣ್ಣು ಕೀಳುತ್ತೆ. ಚಿತ್ರದಲ್ಲಿರೋ ಆ ಮನುಷ್ಯನ ಕರಿ ಕೋಟು ನೋಡಿ. ಮೊದಲು ಬರೀ ಕರಿ ಮುದ್ದೆ. ಈಗ ಗುಂಡಿ ಎಷ್ಟಿವೆ, ಎಣಿಸಿ."

ಗಿರಾಕಿ ಮುಂದಕ್ಕೆ ಬಾಗಿ ಎಣಿಸಿದರು. "ನಾಲ್ಕು. ಒಂದು ಕಿತ್ತು ಹೋಗಿದೆ," ಎಂದು ನಕ್ಕರು. ಆ ಯಂತ್ರ ಅವತ್ತೇ ಮಾರಾಟವಾಯಿತು. ಮರುದಿನದಿಂದ ಧೂಳು ಒರೆಸಲು ಬೇರೆಯವರು ಬಂದರು.

ಅವಳು ಚಿತ್ರ ನೋಡುವ ರೀತಿಯನ್ನು ನಾನು ಹತ್ತಾರು ಸಲ ಕಂಡಿದ್ದೇನೆ. ಮೊದಲು ಕತ್ತಲೆಯ ದೃಶ್ಯ: ಕಪ್ಪು ಕಪ್ಪಾಗಿದೆಯೋ, ಬೂದಿ ಬಳಿದಂತಿದೆಯೋ. ಆಮೇಲೆ ಮುಖ. "ಮುಖದಲ್ಲಿ ರಕ್ತ ಓಡಾಡ್ತಿರಬೇಕು. ಸುಣ್ಣ ಬಳಿದಂಗೂ ಇರಬಾರದು, ಜ್ವರ ಬಂದಂಗೂ ಇರಬಾರದು." ಆಮೇಲೆ ಒಗೆದು ಒಣಹಾಕಿದ ಬಟ್ಟೆ ಅಥವಾ ಮೋಡ: ಬಿಳಿಯೊಳಗೂ ಮಡಿಕೆ ಕಾಣಬೇಕು. ಆಮೇಲೆ ಕ್ಯಾಮೆರಾ ನಿಧಾನವಾಗಿ ಒಂದು ಬೇಲಿಯ ಉದ್ದಕ್ಕೆ ಸರಿಯುವ ದೃಶ್ಯ: ಬೇಲಿಯ ಗೂಟಗಳು ಎಡವಬಾರದು, ಎಣ್ಣೆ ಹಚ್ಚಿದಂತೆ ಜಾರಲೂಬಾರದು. ಕೊನೆಗೆ ಪರದೆಯ ನಾಲ್ಕು ಮೂಲೆ. ನಡುವೆ ಚೂಪಾಗಿದ್ದು ಮೂಲೆಯಲ್ಲಿ ಅಕ್ಷರ ಕರಗಿದರೆ ಆ ಲೆನ್ಸಿಗೆ ಅವಳ ಹತ್ತಿರ ಮರ್ಯಾದೆ ಇಲ್ಲ. ಮಾರಿದ ಪ್ರತಿಯೊಂದು ಯಂತ್ರವನ್ನೂ ಗಿರಾಕಿಯ ಮನೆಗೆ ಹೋಗಿ ತಾನೇ ಕೂರಿಸಿ ಬರುತ್ತಿದ್ದಳು. ಗೋಡೆಯ ಬಣ್ಣ, ದೂರ, ತಿರುಗಿಸಿದ ಅಂಕಿಗಳು ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಮೂರನೇ ವರ್ಷ ಒಂದು ಯಂತ್ರ ವಾಪಸ್ಸು ಬಂತು. ತಂದವರು ಸಿಟಿ ಬಸ್ಸಿನ ಡ್ರೈವರು, ಕಟ್ಟುಮಸ್ತಾದ ಆಳು. ಪೆಟ್ಟಿಗೆಯನ್ನು ಮಗುವಿನ ಥರ ಅಪ್ಪಿಕೊಂಡು ಬಂದು ಮೇಜಿನ ಮೇಲಿಟ್ಟರು.

"ಚಿತ್ರದಲ್ಲಿ ಏನಾಗಿದೆ?" ಚಿಕ್ಕಮ್ಮ ಕೇಳಿದಳು. ಆ ಯಂತ್ರವನ್ನು ಅವಳೇ ಹೊಗಳಿ ಕೊಡಿಸಿದ್ದಳು.

"ಚಿತ್ರಕ್ಕೇನೂ ಆಗಿಲ್ಲಮ್ಮ. ನನ್ನ ಹೆಂಡ್ತಿ ದಿನಾ ಸಿನಿಮಾ ನೋಡ್ತಾಳೆ, ನಿಮ್ಮ ಹೆಸರು ಹೇಳಿ ಹೊಗಳ್ತಾಳೆ. ನಾನು ಕಾರ್ ರೇಸ್ ಆಡ್ತೀನಿ. ಅದರಲ್ಲಿ ಇದು ಸರಿ ಇಲ್ಲ."

"ದಿನವಿಡೀ ಬಸ್ ಓಡಿಸಿ, ಮನೆಗೆ ಬಂದು ಮತ್ತೆ ಕಾರ್ ಓಡಿಸ್ತೀರಾ?"

"ಅಲ್ಲಿ ಸ್ಟಾಪ್ ಇಲ್ಲ ನೋಡಿ," ಎಂದು ಅವರು ನಾಚಿಕೊಂಡು ನಕ್ಕರು. "ಏನಾಗ್ತದೆ ಅಂದ್ರೆ, ನಾನು ಸ್ಟೀರಿಂಗ್ ತಿರುಗಿಸಿದ ಮೇಲೆ ಇದು ಸ್ವಲ್ಪ ಯೋಚನೆ ಮಾಡಿ ತಿರುಗುತ್ತೆ. ಗಾಡಿ ಯೋಚನೆ ಮಾಡಬಾರದಮ್ಮ. ಯೋಚನೆ ಡ್ರೈವರ್ ಕೆಲಸ."

ಆ ವಾರ ಪ್ರೊಜೆಕ್ಟರ್ ಕಂಪನಿಯ ಎಂಜಿನಿಯರ್ ಅಂಗಡಿಗೆ ಬಂದಿದ್ದ. ಮೂರು ತಿಂಗಳಿಗೊಮ್ಮೆ ಬಂದು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಬಣ್ಣ ಅಳೆಯುವ ಮೀಟರ್ ಇಟ್ಟು, ಲ್ಯಾಪ್‌ಟಾಪಿನಲ್ಲಿ ಗೆರೆ ನೋಡಿ ಹೋಗುವ ಹುಡುಗ. ಯಂತ್ರವನ್ನು ಡೆಮೊ ಕೋಣೆಯಲ್ಲಿ ಪರೀಕ್ಷೆ ಮಾಡಿ, "ಏನೂ ದೋಷ ಇಲ್ಲ ಮೇಡಂ. ನಮ್ಮ ಕಾಗದದಲ್ಲಿ ಎಷ್ಟು ಅಂತ ಇದೆಯೋ ಅಷ್ಟೇ ಬರ್ತಿದೆ. ಅವರಿಗೆ ಭ್ರಮೆ," ಎಂದ.

ಚಿಕ್ಕಮ್ಮ ಸಂಜೆ ಮನೆಗೆ ಬಂದು, ಕಾಲು ತೊಳೆದವಳೇ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಷನಿಸ್ಟ್. ದಿನವಿಡೀ ಜನರ ನೋವು ಕೇಳಿ ಬಂದವಳು ಸಂಜೆ ಒಂದು ಗಂಟೆ ವಿಡಿಯೋ ಗೇಮ್ ಆಡುತ್ತೇನೆ. ಇಷ್ಟು ವರ್ಷ ಚಿಕ್ಕಮ್ಮ ಅದನ್ನು "ಗುಂಡಿ ಒತ್ತೋ ರೋಗ" ಎನ್ನುತ್ತಿದ್ದಳು.

"ಆ ರೋಗ ನನಗೂ ಅಂಟಿಸು," ಎಂದಳು.

"ಯಾಕೆ?"

"ಆಡದೇನೇ ಆಟದ ಚಿತ್ರಕ್ಕೆ ಮಾರ್ಕು ಕೊಟ್ಟುಬಿಟ್ಟೆ ಕಣೇ. ಉಪ್ಪು ನೋಡ್ದೇನೇ ಅಡುಗೆ ಬಡಿಸಿದ ಹಾಗೆ."

ಐವತ್ತು ದಾಟಿದವಳಿಗೆ ಆಡಲು ಕಲಿಸುವುದು ಎಂದರೇನು ಎಂದು ನನಗೆ ಗೊತ್ತಿರಲಿಲ್ಲ. ಹಳ್ಳ ಬಂದಾಗ ಗುಂಡಿ ಒತ್ತಿ ಹಾರುವ ಸುಲಭದ ಆಟವೊಂದನ್ನು ಹಾಕಿಕೊಟ್ಟೆ. ಮೊದಲ ದಿನ ಮೂವತ್ತನಾಲ್ಕು ಸಲ ಸತ್ತಳು. ಪ್ರತಿ ಸಲವೂ ಅವಳು ಇಡೀ ಮೈಯಿಂದ ಹಾರುತ್ತಿದ್ದಳು. ಪರದೆಯ ಮೇಲಿನವನು ಮಾತ್ರ ಹಾರುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಕುರ್ಚಿ ಮುರಿದೀಯಾ!" ಎಂದು ಕೂಗಿದಳು. ಮೂರನೇ ದಿನ ಚಿಕ್ಕಮ್ಮ ಒಮ್ಮೆಗೇ ಸುಮ್ಮನಾದಳು. ಬೆನ್ನು ನೆಟ್ಟಗಾಯಿತು. ಒಂದಾದ ಮೇಲೊಂದು ಹನ್ನೊಂದು ಹಳ್ಳ ಹಾರಿದಳು.

"ಎರಡನೇ ಚುಕ್ಕಿ," ಎಂದಳು. "ಅಂಚು ಬಂದಾಗ ಒತ್ತಬಾರದು. ಅಂಚು ಬರುತ್ತೆ ಅನ್ನೋದು ಕಾಲಿಗೆ ಗೊತ್ತಾಗುತ್ತಲ್ಲ, ಆಗ ಒತ್ತಬೇಕು."

ಅಲ್ಲಿಂದ ಮುಂದೆ ಅವಳು ನನ್ನನ್ನೇ ಸೋಲಿಸಲು ಹೊರಟಳು. ಭಾನುವಾರ ನನ್ನ ಗೇಮ್ ಪೆಟ್ಟಿಗೆಯನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ, ಒಂದೊಂದೇ ಪ್ರೊಜೆಕ್ಟರಿಗೆ ಚುಚ್ಚಿ ಆಡಿ ನೋಡಿದಳು. ಸಿನಿಮಾಕ್ಕೆ ಬೇಕಾದದ್ದೇ ಬೇರೆ, ಆಟಕ್ಕೆ ಬೇಕಾದದ್ದೇ ಬೇರೆ ಎಂದು ಅವಳಿಗೆ ಆಗ ಕಾಣಿಸಿತು. ಸಿನಿಮಾದವನು ನೆರಳಲ್ಲಿ ಏನನ್ನೋ ಮುಚ್ಚಿಟ್ಟರೆ ಅದು ಮುಚ್ಚಿಯೇ ಇರಬೇಕು. ಆಟದಲ್ಲಿ ನೆರಳಲ್ಲಿ ಶತ್ರು ಕೂತಿರುತ್ತಾನೆ, ಅವನ ಭುಜವಾದರೂ ಕಾಣಬೇಕು. ಆಟದಲ್ಲಿ ಮೂಲೆಯ ಸಣ್ಣ ಅಂಕಿಗಳನ್ನು ಓಡುತ್ತ ಓದಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೇಳಿದ ತಕ್ಷಣ ಉತ್ತರ ಬರಬೇಕು.

ಆದರೂ ಡ್ರೈವರ್ ತಂದ ಯಂತ್ರ ಅಂಗಡಿಯಲ್ಲಿ ತಕ್ಷಣ ಉತ್ತರ ಕೊಡುತ್ತಿತ್ತು. ಅದೇ ಅವಳಿಗೆ ಬಿಡಿಸಲಾಗದ ಗಂಟು. "ಇಲ್ಲಿ ಚುರುಕಾಗಿರೋದು ಅಲ್ಲಿ ಸೋಮಾರಿ ಆಗುತ್ತೆ ಅಂದ್ರೆ, ತಪ್ಪು ಇದರದ್ದಲ್ಲ, ಅಲ್ಲಿನದ್ದು," ಎಂದು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಕೂತು ಡ್ರೈವರ ಮನೆಗೆ ಹೊರಟಳು.

ಡ್ರೈವರ್ ಯಂತ್ರವನ್ನು ಎತ್ತಿ ಅದರ ಮಾಮೂಲಿ ಜಾಗದಲ್ಲಿ ಇಟ್ಟಾಗಲೇ ಕಾರಣ ಕಂಡಿತು. ಚಿಕ್ಕಮ್ಮ ಮಧ್ಯದ ಮೇಜಿನ ಮೇಲೆ ಕೂರಿಸಿ ಹೋಗಿದ್ದ ಯಂತ್ರವನ್ನು, ಊಟಕ್ಕೆ ಮೇಜು ಬೇಕೆಂದು ಅವರು ಮೂಲೆಯ ಬೀರುವಿನ ಮೇಲೆ ಏರಿಸಿಬಿಟ್ಟಿದ್ದರು. ಅಲ್ಲಿಂದ ಬೆಳಕು ಓರೆಯಾಗಿ ಬೀಳುತ್ತಿತ್ತು. ಓರೆಯಾದ ಚಿತ್ರವನ್ನು ಯಂತ್ರ ತಾನೇ ಹಿಗ್ಗಿಸಿ ಕುಗ್ಗಿಸಿ ನೇರ ಮಾಡುತ್ತಿತ್ತು. ಪ್ರತಿ ಚಿತ್ರವನ್ನೂ ಹಾಗೆ ತಿದ್ದಲು ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಸಿನಿಮಾ ನೋಡುವ ಹೆಂಡತಿಗೆ ಆ ಹೊತ್ತು ಗೊತ್ತಾಗದು. ಸ್ಟೀರಿಂಗ್ ಹಿಡಿದ ಗಂಡನಿಗೆ ಗೊತ್ತಾಗುತ್ತಿತ್ತು.

ನನ್ನ ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಸೆಕೆಂಡಿಗೆ ಇನ್ನೂರನಲವತ್ತು ಚಿತ್ರ ತೆಗೆಯುತ್ತದೆ. ಡ್ರೈವರ ಬೆರಳು ಮತ್ತು ಗೋಡೆ ಎರಡೂ ಕಾಣುವಂತೆ ವಿಡಿಯೋ ಮಾಡಿ, ಗುಂಡಿ ಒತ್ತಿದಲ್ಲಿಂದ ಕಾರು ಕದಲುವವರೆಗೆ ಎಷ್ಟು ಚಿತ್ರ ಎಂದು ಎಣಿಸಿದೆವು. ಇಪ್ಪತ್ತೊಂಬತ್ತು. ಯಂತ್ರವನ್ನು ಕೆಳಗಿಳಿಸಿ, ಮಂಚದ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಯಂತ್ರ ಇಟ್ಟು, ಗೋಡೆಗೆ ನೇರ ಮಾಡಿ, ತಿದ್ದುವ ಕೆಲಸ ನಿಲ್ಲಿಸಿ, ಆಟದ ಸೆಟ್ಟಿಂಗಿಗೆ ತಂದು ಮತ್ತೆ ಎಣಿಸಿದೆವು. ಒಂಬತ್ತು.

ಡ್ರೈವರ್ ಒಂದು ಸುತ್ತು ಓಡಿಸಿದರು. ಎರಡನೇ ಸುತ್ತೂ ಮುಗಿಯಿತು. "ಈಗ ಹೇಳಿದ ಮಾತು ಕೇಳ್ತಿದೆ," ಎಂದರು, ಕಣ್ಣು ಗೋಡೆಯಿಂದ ತೆಗೆಯದೆ. ಅವರ ಹೆಂಡತಿ ಅಡುಗೆಮನೆಯಿಂದ ಬಂದು, "ಅಂದ್ರೆ ನಾನು ಇನ್ಮೇಲೆ ಸ್ಟೂಲ್ ಪಕ್ಕ ಮಲಗಬೇಕಾ?" ಎಂದು ಕೇಳಿದರು. ಮರುವಾರ ಗೋಡೆಗೊಂದು ಕಬ್ಬಿಣದ ಕೈ ಹಾಕಿಸಿ ಯಂತ್ರವನ್ನು ನೇರಕ್ಕೆ ತೂಗುಬಿಟ್ಟಿದ್ದಾಯಿತು. ಚಿಕ್ಕಮ್ಮ ರಿಮೋಟಿನಲ್ಲಿ ಎರಡು ಗುಂಡಿಗಳಿಗೆ ಎರಡು ಚಿತ್ರ ಕಟ್ಟಿಕೊಟ್ಟಳು: ಒಂದು ಗಂಡನ ಓಟಕ್ಕೆ, ಒಂದು ಹೆಂಡತಿಯ ಸಿನಿಮಾಕ್ಕೆ.

ಎಂಜಿನಿಯರ್ ಮುಂದಿನ ಸಲ ಬಂದಾಗ ಅವನ ಮುಂದೆ ಫೋನಿನ ವಿಡಿಯೋ ಇಟ್ಟಳು. ಅವನು ಎರಡು ಸಲ ನೋಡಿದ. "ನಮ್ಮ ಕಾಗದ ನೇರ ಇಟ್ಟು ಬರೆದದ್ದು ಮೇಡಂ," ಎಂದ.

"ಕಾಗದ ಆಡಲ್ಲಪ್ಪ. ಜನ ಆಡ್ತಾರೆ," ಎಂದಳು ಚಿಕ್ಕಮ್ಮ. ಆವತ್ತಿನಿಂದ ಅವನು ಮೇಡಂ ಬಿಟ್ಟು ಅಮ್ಮ ಎನ್ನತೊಡಗಿದ.

ಇದಿಷ್ಟೇ ಆಗಿದ್ದರೆ ಅವಳ ಕತೆ ಒಬ್ಬ ಜಾಣೆಯ ಕತೆ. ಅವಳ ಬಗ್ಗೆ ನನಗೆ ತಲೆ ಎತ್ತಿ ಹೇಳಿಕೊಳ್ಳುವಂಥ ಹೆಮ್ಮೆ ಬಂದದ್ದು ಅದರಾಚೆ, ಅಂಗಡಿ ಸೇರಿದ ಆರನೇ ವರ್ಷದಲ್ಲಿ.

ಬಸ್ಸಿನ ಬೋರ್ಡು ಓದಲು ಅವಳು ನನ್ನ ಮೊಣಕೈ ತಿವಿಯಲು ಶುರು ಮಾಡಿದ್ದಳು. ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಮೊದಲು ಬಲಗಣ್ಣಿನ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಒಂದು ತಿಂಗಳು ಮನೆಯಲ್ಲಿ ಕೂರಿಸಿದೆವು. ಆಪರೇಷನ್ನಿನ ಮರುದಿನ ಕಟ್ಟು ಬಿಚ್ಚಿದಾಗ ಅವಳು ಹಾಸಿಗೆಯ ಮೇಲಿನ ಬಿಳಿ ಹೊದಿಕೆಯನ್ನು ನೋಡುತ್ತ, ಒಮ್ಮೆ ಎಡಗಣ್ಣು ಮುಚ್ಚಿದಳು, ಒಮ್ಮೆ ಬಲಗಣ್ಣು ಮುಚ್ಚಿದಳು. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು. ಆಟವಾಡುತ್ತಿದ್ದಾಳೆ ಎಂದುಕೊಂಡೆ.

"ಈ ಹೊದಿಕೆ ಯಾವ ಬಣ್ಣ?" ಕೇಳಿದಳು.

"ಬಿಳಿ."

"ಹೊಸ ಕಣ್ಣಿಗೆ ಬಿಳಿ. ಹಳೇ ಕಣ್ಣಿಗೆ ಟೀ ಚೆಲ್ಲಿ ಒಗೆದ ಹಾಗಿದೆ." ಹೊದಿಕೆಯನ್ನು ಕಣ್ಣ ಹತ್ತಿರ ಎಳೆದುಕೊಂಡು, "ಅಯ್ಯೋ, ನಾನೇನು ಮಾಡಿಬಿಟ್ಟೆ!" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಪೊರೆ ಒಂದೇ ದಿನ ಬರುವುದಿಲ್ಲ, ಕದ್ದು ಕದ್ದು ಬರುತ್ತದೆ. ಎಷ್ಟು ಕಾಲದಿಂದಲೋ ಅವಳ ಕಣ್ಣು ಎಲ್ಲವನ್ನೂ ಹಳದಿಯಾಗಿ ನೋಡುತ್ತಿತ್ತು. ಜನರ ಮನೆಯಲ್ಲಿ ಚಿತ್ರದ ಬಿಳಿ ಅವಳಿಗೆ ಹಳದಿ ಕಂಡಾಗ, ಅದನ್ನು ಬಿಳಿ ಮಾಡಲು ನೀಲಿ ಕೂಡಿಸಿರಬೇಕು. ಅವಳಿಗೆ ಬಿಳಿ ಕಂಡದ್ದು ಅವರಿಗೆ ನೀಲಿ. ಕಣ್ಣು ಮಂಕಾಗಿದ್ದರಿಂದ ಬೆಳಕನ್ನೂ ಏರಿಸಿರಬೇಕು, ಕಪ್ಪು ಬೂದಿಯಾಗಿರಬೇಕು. ಎಷ್ಟು ಮನೆಗಳಲ್ಲಿ ಹಾಗಾಗಿದೆ, ಯಾವಾಗಿನಿಂದ, ಗೊತ್ತಿಲ್ಲ.

ರಜೆ ಮುಗಿಸಿ ಮೊದಲ ದಿನ ಕೆಲಸಕ್ಕೆ ಹೋದವಳೇ ಯಜಮಾನರ ಮುಂದೆ ನೋಟುಬುಕ್ಕು ಬಿಚ್ಚಿಟ್ಟಳು. ನಲವತ್ತಮೂರು ಮನೆ. ಎಲ್ಲವನ್ನೂ ಮತ್ತೆ ನೋಡಿ ಬರಬೇಕು ಎಂದಳು.

ಯಜಮಾನರು ತಲೆಗೆ ಕೈ ಹಚ್ಚಿಕೊಂಡರು. "ಒಬ್ಬರಾದ್ರೂ ದೂರು ಹೇಳಿದ್ದಾರಾ? ಯಾರೂ ಕುಂಬಳಕಾಯಿ ಕಳ್ಳ ಅಂದಿಲ್ಲ. ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

"ಯಾರೂ ನೋಡ್ಲಿಲ್ಲ ಅಂತ ಕಣ್ಣು ಮುಚ್ಕೊಂಡು ಹಾಲು ಕುಡಿಯೋಕೆ ನಾನೇನು ಬೆಕ್ಕಾ ಸಾರ್? ಈಗಷ್ಟೇ ಕಣ್ಣು ತೆರೆಸ್ಕೊಂಡು ಬಂದಿದೀನಿ."

"ಅಂಗಡಿ ಹೆಸರು ಹಾಳಾದ್ರೆ?"

"ನಾನು ಹೋಗಿ ಹೇಳಿದ್ರೆ ಹಾಳಾಗಲ್ಲ. ಅವರೇ ಬಂದು ಹೇಳಿದ್ರೆ ಆಗುತ್ತೆ."

ಯಜಮಾನರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ, "ಭಾನುವಾರ ಮಾತ್ರ. ವಾರದ ದಿನ ಅಂಗಡಿಯಲ್ಲಿರಬೇಕು," ಎಂದರು.

ಕೊನೆಯ ಮನೆಯಿಂದ ಹಿಂದಕ್ಕೆ ಹೋಗುವುದು ಎಂದು ತೀರ್ಮಾನವಾಯಿತು. ನಲವತ್ತಮೂರನೆಯದು ಒಬ್ಬ ಟೈಲರ್ ಮನೆ. ಕತ್ತರಿಸಿದ ಬಟ್ಟೆಯ ರಾಶಿಯ ನಡುವೆಯೇ ಅವರು ಪರದೆ ಕಟ್ಟಿಕೊಂಡಿದ್ದರು. ಚಿಕ್ಕಮ್ಮ ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡು ನಿಂತಳು. ಚಿತ್ರ ಶುರುವಾಯಿತು. ನನಗೇ ಕಾಣಿಸಿತು, ಅವಳು ಹೇಳಿದ ಮೇಲೆ: ಪರದೆಯ ಮೇಲಿನ ಎಲ್ಲ ಮುಖಗಳಿಗೂ ಚಳಿ ಹಿಡಿದಂತಿತ್ತು. ಚಿಕ್ಕಮ್ಮನ ಮುಖವೂ ಹಾಗೇ ಆಯಿತು.

"ತಪ್ಪು ನನ್ನದು," ಎಂದು ಟೈಲರಿಗೆ ಹೇಳಿದಳು. "ನನ್ನ ಕಣ್ಣಿಗೆ ಪೊರೆ ಬಂದಿತ್ತು. ನಿಮ್ಮ ಚಿತ್ರಕ್ಕೆ ನೀಲಿ ಕೂಡಿಸಿಬಿಟ್ಟಿದೀನಿ. ಸರಿಮಾಡೋಕೆ ಬಂದೆ."

ಟೈಲರ್ ಗಾಬರಿಯಾದರು. "ಅಯ್ಯೋ, ಅಷ್ಟಕ್ಕೆ ಇಷ್ಟು ದೂರ ಬಂದ್ರಾ? ನಮಗೇನೂ ಗೊತ್ತೇ ಆಗಿಲ್ವಲ್ಲ."

"ಹೊಲಿಗೆ ಕಾಲಿಂಚು ಓರೆ ಹೋದ್ರೆ ಹಾಕ್ಕೊಂಡೋರಿಗೆ ಗೊತ್ತಾಗಲ್ಲ. ನೀವು ಬಿಡ್ತೀರಾ?"

ಟೈಲರ್ ರಿಮೋಟು ತಂದು ಅವಳ ಕೈಗಿಟ್ಟರು.

ಎರಡನೇ ಭಾನುವಾರ ನಮ್ಮ ಮನೆ ಬಾಗಿಲಲ್ಲಿ ಎಂಜಿನಿಯರ್ ನಿಂತಿದ್ದ, ಬೆನ್ನಿಗೆ ಮೀಟರಿನ ಚೀಲ. ಯಜಮಾನರು ಫೋನ್ ಮಾಡಿ ನಗುತ್ತ ಹೇಳಿದ್ದರಂತೆ. ಇವನಿಗೆ ನಗು ಬರಲಿಲ್ಲವಂತೆ. "ರಜಾ ದಿನ ಅಮ್ಮ, ಸುಮ್ಮನೆ ಬಂದೆ. ನೀವು ಮೊದಲು ನೋಡಿ ಹೇಳಿ, ಆಮೇಲೆ ನಾನು ಅಳೀತೀನಿ," ಎಂದ. ಅಲ್ಲಿಂದ ಮುಂದೆ ಅದೇ ಕ್ರಮ. ಚಿಕ್ಕಮ್ಮ ಒಂದೇ ಕಣ್ಣಲ್ಲಿ ನೋಡಿ, "ನೀಲಿ, ಸ್ವಲ್ಪ" ಅಥವಾ "ನೀಲಿ, ಜಾಸ್ತಿ" ಎನ್ನುವಳು. ಅವನು ಸ್ಟ್ಯಾಂಡ್ ನಿಲ್ಲಿಸಿ ಅಳೆಯುವನು. ಮೀಟರಿನ ಅಂಕಿ ಪ್ರತಿ ಸಲ ಅವಳ ಮಾತಿನ ಹಿಂದೆಯೇ ಬರುತ್ತಿತ್ತು, ಎಮ್ಮೆಯ ಹಿಂದೆ ಕರು ಬಂದ ಹಾಗೆ. ನಾನು ನೋಟುಬುಕ್ಕಿನಲ್ಲಿ ಎರಡನ್ನೂ ಬರೆದುಕೊಳ್ಳುತ್ತಿದ್ದೆ.

ಜನ ಹೇಗೆ ತೆಗೆದುಕೊಂಡಾರೋ ಎಂದು ನಾನು ಹೆದರಿದ್ದೆ. ಬಹಳ ಮನೆಗಳಲ್ಲಿ ನಮ್ಮನ್ನು ಕೂರಿಸಿ ಟೀ ಕೊಟ್ಟರು, ಕಣ್ಣಿನ ಆಪರೇಷನ್ ಬಗ್ಗೆ ವಿಚಾರಿಸಿದರು, ತಮ್ಮ ಅತ್ತೆಗೂ ಮಾಡಿಸಬೇಕು, ಯಾವ ಡಾಕ್ಟರು ಎಂದು ಕೇಳಿದರು. ಒಬ್ಬರು ಮಾತ್ರ ಬಾಗಿಲಲ್ಲೇ, "ಹಾಗಾದ್ರೆ ಇಷ್ಟು ದಿನ ನಾವು ನೋಡಿದ್ದೆಲ್ಲ ಸುಳ್ಳಾ?" ಎಂದು ರೇಗಿದರು. ಚಿಕ್ಕಮ್ಮ, "ಹೌದು ಸಾರ್, ಸ್ವಲ್ಪ," ಎಂದಳು. ಅವರು ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು.

ಮೂವತ್ತಾರನೇ ಮನೆಯ ನಿವೃತ್ತ ಮೇಷ್ಟ್ರು ಯಂತ್ರಕ್ಕೆ ಅಡ್ಡ ನಿಂತುಬಿಟ್ಟರು. "ಮುಟ್ಟಬೇಡಿ. ಈ ಬಣ್ಣ ನನಗೆ ಅಭ್ಯಾಸ ಆಗಿದೆ. ತಂಪಾಗಿದೆ."

"ಅದು ತಪ್ಪು ಬಣ್ಣ ಸಾರ್."

"ಇರಲಿ ಬಿಡಮ್ಮ. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದೀನಿ. ಒಂದು ತಪ್ಪನ್ನಾದ್ರೂ ಇಟ್ಕೋತೀನಿ."

ಎಂಜಿನಿಯರ್ ನಗು ತಡೆಯಲು ಚೀಲದೊಳಗೆ ತಲೆ ಹಾಕಿದ. ಚಿಕ್ಕಮ್ಮ ರಸ್ತೆಯುದ್ದಕ್ಕೂ ಗೊಣಗಿದಳು. ನೋಟುಬುಕ್ಕಿನಲ್ಲಿ ಆ ಮನೆಯ ಮುಂದೆ, "ಮೇಷ್ಟ್ರ ಇಷ್ಟದಂತೆ ನೀಲಿ" ಎಂದು ತಾನೇ ಬರೆದು, ಕೆಳಗೆ ಎರಡು ಗೆರೆ ಎಳೆದಳು.

ಏಳು ಭಾನುವಾರ ಹಿಡಿಯಿತು. ಮೂವತ್ತನೇ ಮನೆಗೆ ಬಂದಾಗ ಮೀಟರು ಕೂದಲೆಳೆಯಷ್ಟು ನೀಲಿ ಎಂದಿತು. ಇಪ್ಪತ್ತೊಂಬತ್ತನೆಯದರಲ್ಲಿ ಏನೂ ಇಲ್ಲ. ಅದರಿಂದ ಹಿಂದಕ್ಕೆ, ಒಂದನೇ ಮನೆಯವರೆಗೆ, ಎಲ್ಲವೂ ಸರಿ. ಬರೀ ಸರಿಯಲ್ಲ, ಎಂಜಿನಿಯರ್ ಮೀಟರಿಟ್ಟು ದಿನವಿಡೀ ಕೂತು ಮಾಡಿದರೆ ಎಷ್ಟು ಸರಿಯಾಗುತ್ತದೋ ಅಷ್ಟು ಸರಿ. ಅದೂ ಬರಿಗಣ್ಣಿನಲ್ಲಿ, ಒಬ್ಬೊಬ್ಬರದು ಒಂದೊಂದು ಬಣ್ಣದ ಗೋಡೆಯ ಮೇಲೆ. ಅವನು ಲ್ಯಾಪ್‌ಟಾಪಿನಲ್ಲಿ ನಲವತ್ತಮೂರು ಅಂಕಿಗಳನ್ನೂ, ಮೊದಲ ಭಾನುವಾರದ ಮನೆಗಳದ್ದನ್ನು ನೋಟುಬುಕ್ಕಿನ ಹಳೆಯ ಅಂಕಿಗಳಿಂದ ಲೆಕ್ಕ ಹಾಕಿ, ಸಾಲಾಗಿ ಇಟ್ಟು ಗೆರೆ ಎಳೆದು ನಮಗೆ ತೋರಿಸಿದ. ಗೆರೆ ಮೊದಲೆಲ್ಲ ಮಲಗಿದ ಹಾಗಿತ್ತು. ಮೂವತ್ತರಿಂದ ಮೆಲ್ಲಗೆ ತಲೆ ಎತ್ತಿ ಏರುತ್ತ ಹೋಗಿತ್ತು.

"ಅಮ್ಮ, ನಿಮ್ಮ ಕಣ್ಣಿಗೆ ಪೊರೆ ಯಾವ ತಿಂಗಳು ಬಂತು ಅಂತ ಈ ಗೆರೆ ನೋಡಿ ಹೇಳಬಹುದು," ಎಂದ. ಆಮೇಲೆ, "ಮೀಟರ್ ಕೆಟ್ಟಾಗ ನಾವು ಯಾರೂ ಹೀಗೆ ಹಿಂದೆ ಹೋಗಿ ನೋಡಿದವರಲ್ಲ," ಎಂದ.

ಚಿಕ್ಕಮ್ಮ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಅವಳು ಅತ್ತಾಳೆಂದು ನಾನು ಕಾದೆ. ಅವಳು ಮಾತ್ರ, "ಇಪ್ಪತ್ತೊಂಬತ್ತು," ಎಂದಳು, ಬೆರಳಿನಿಂದ ಮಲಗಿದ ಗೆರೆಯನ್ನು ಸವರುತ್ತ. "ಇಪ್ಪತ್ತೊಂಬತ್ತು ಸರಿ ಇದ್ವು ನೋಡೇ." ಮನೆಗೆ ಬಂದು ಅಮ್ಮನಿಗೂ ಅದನ್ನೇ ಹೇಳಿದಳು. ಅಮ್ಮನಿಗೆ ತಲೆಬುಡ ತಿಳಿಯದಿದ್ದರೂ ಸಂಜೆಯೊಳಗೆ ಅಕ್ಕಪಕ್ಕದ ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿದಳು. "ಮಿಷಿನ್ನೇ ಸೋತು ಹೋಯ್ತಂತೆ ನನ್ನ ತಂಗಿ ಮುಂದೆ." ತಿದ್ದಲು ಹೋದರೆ ನನ್ನನ್ನೇ ಗದರಿಸಿದಳು.

ಎಡಗಣ್ಣಿನ ಆಪರೇಷನ್ ಆದ ಮೇಲೆ ಚಿಕ್ಕಮ್ಮ ಯಜಮಾನರ ಹತ್ತಿರ ಒಂದು ಮೀಟರ್ ಕೇಳಿ ತರಿಸಿಕೊಂಡಳು. ಈಗ ಮೊದಲು ತಾನು ನೋಡುತ್ತಾಳೆ, ಬರೆದುಕೊಳ್ಳುತ್ತಾಳೆ, ಆಮೇಲೆ ಮೀಟರನ್ನು ಕೇಳುತ್ತಾಳೆ. ಎರಡೂ ಒಪ್ಪದಿದ್ದರೆ ಗಿರಾಕಿಯ ಮನೆಯಲ್ಲೇ ಕೂತು ಯಾರು ಸರಿ ಎಂದು ಪತ್ತೆ ಹಚ್ಚಿಯೇ ಏಳುತ್ತಾಳೆ. ಇಲ್ಲಿಯವರೆಗೆ ಮೂರು ಸಲ ಮೀಟರ್ ಸರಿ, ಎರಡು ಸಲ ಅವಳು. ಯಜಮಾನರಂತೂ ಈಗ ಹೊಸ ಗಿರಾಕಿ ಬಂದರೆ ಯಂತ್ರದ ಮಾತಿಗೆ ಮೊದಲು ಈ ಕತೆಯನ್ನೇ ಹೇಳುತ್ತಾರೆ, ಭಾನುವಾರದ ಯೋಚನೆ ತಮ್ಮದೇ ಎನ್ನುವ ಹಾಗೆ.

ಕಳೆದ ತಿಂಗಳು ಕಂಪನಿಯವರು ಹೊಸ ತಂತ್ರಜ್ಞರ ತರಬೇತಿಗೆ ಅವಳನ್ನು ಕರೆಸಿದರು. ಎಂಜಿನಿಯರನದೇ ಒತ್ತಾಯ. ನಾನು ರಜೆ ಹಾಕಿ ಹಿಂದಿನ ಸಾಲಿನಲ್ಲಿ ಕುಳಿತೆ. ಹದಿನಾರು ಜನ ಹುಡುಗ ಹುಡುಗಿಯರು ಯಂತ್ರದ ಸುತ್ತ ಮುತ್ತಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದರು. ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಒಳಗೆ ಬಂದಳು. ಎಲ್ಲರೂ ದಾರಿ ಬಿಟ್ಟರು. ಅವಳು ಯಂತ್ರದ ಹತ್ತಿರ ಹೋಗಲೇ ಇಲ್ಲ. ಕೋಣೆಯ ಹಿಂದಕ್ಕೆ ನಡೆದು, ನನ್ನ ಪಕ್ಕದ ಕುರ್ಚಿ ಎಳೆದು ಕುಳಿತಳು.

"ಅಲ್ಲೇನು ಮಾಡ್ತಿದೀರಿ?" ಎಂದು ಅಲ್ಲಿಂದಲೇ ಕೂಗಿದಳು. "ನೋಡೋರು ಎಲ್ಲಿ ಕೂತ್ಕೋತಾರೆ?"

ಹದಿನಾರು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಪುಸ್ತಕ ಮಡಿಚಿ, ಕುರ್ಚಿ ಹೊತ್ತುಕೊಂಡು ನಮ್ಮ ಕಡೆಗೆ ಬಂದರು.